ಅಟ್ಟಕ್ಕೆ ಹಾಸಿದ ಹಲಸಿನ ಹಲಗೆ

ಗಾಳಿಬೀಡು, ಕೊಡಗು ರಾಜ್ಯ
ತಾ. ೨೧-೬-೧೯೫೪

ಮುದ್ದಿನ ಗೂಡೆ, ನಮ್ಮ ಮನೆಯ ಹುಡುಗಿ ಯಮುನಾಳಿಗೆ,

ನಿಮ್ಮ ಬಾಳೆಲೆ ಊರಿನಲ್ಲಿ ನೀನೂ ಅಳಿಯಂದಿರೂ ಹೇಗಿದ್ದೀರಿ? ಕಾಲು ಬಾತಿದೆ ಎಂದು ಬರೆದಿದ್ದೆಯಲ್ಲ, ಇಳಿಯಿತೇ? ಊಟ ಸೇರುತ್ತಿದೆಯೇ? ಇಲ್ಲಿ ನಿನ್ನ ಅಜ್ಜಿಗೆ ಮಂಡಿನೋವೊಂದು ಬಿಟ್ಟರೆ ಎಲ್ಲ ಸರಿ, ನಾಲಿಗೆಯಂತೂ ಮೊದಲಿಗಿಂತ ಚುರುಕು. ನನ್ನ ಹೆಬ್ಬೆರಳಿಗೆ ಸುತ್ತಿಗೆ ಬಿದ್ದು ಉಗುರು ಕಪ್ಪಾಗಿದೆ. ಅಕ್ಷರ ಸೊಟ್ಟಗಿದ್ದರೆ ಅದೇ ಕಾರಣ, ನನ್ನ ಊರಶಾಲೆಯ ವಿದ್ಯೆಯಲ್ಲ.

ತಾಯಿಯಿಲ್ಲದ ನಿನ್ನನ್ನು ಎತ್ತಿ ಬೆಳೆಸಿದವಳು ಅಜ್ಜಿ. ಚೊಚ್ಚಲ ಬಾಣಂತನ ಈ ಮನೆಯಲ್ಲೇ, ತನ್ನ ಕೈಯಲ್ಲೇ ಆಗಬೇಕೆಂದು ಅವಳ ಹಟ. ಆದರೆ ನಿನ್ನ ಅತ್ತೆ ಗಂಗಮ್ಮನವರು ಯುಗಾದಿಗೆ ಬಂದಾಗ ಏನಾಯಿತೆಂದು ನಿನಗೆ ಗೊತ್ತು. ಬಾಣಂತಿಯ ಕೋಣೆ ಇದೇ ಎಂದು ಅಜ್ಜಿ ತೋರಿಸುತ್ತಿದ್ದಂತೆ ಅಟ್ಟದ ಹಲಗೆಗಳ ಸಂದಿಯಿಂದ ಭತ್ತದ ಧೂಳೂ ಇಲಿಯ ಹಿಕ್ಕೆಯೂ ಅವರ ಕಾಫಿ ಲೋಟಕ್ಕೇ ಉದುರಿದವು. ಇಂಥ ಸೂರಿನಡಿ ಎಳೆಗೂಸನ್ನು ಮಲಗಿಸುವುದಿಲ್ಲ, ಹೆರಿಗೆ ಬಾಳೆಲೆಯಲ್ಲೇ ಆಗಲಿ ಎಂದು ಲೋಟ ಕೆಳಗಿಟ್ಟರು. ಅಜ್ಜಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಚೀಫ್ ಕಮಿಷನರ ಬಂಗಲೆಯವರೂ ಹೊಟ್ಟೆಕಿಚ್ಚುಪಡುವಂಥ ನೆಲ ಅಟ್ಟಕ್ಕೆ ಹಾಸುತ್ತೇನೆ, ಮಳೆಗಾಲಕ್ಕೆ ಬಂದು ನೋಡಿ ಎಂದು ನಾನು ಸವಾಲು ಹಾಕಿ ಕಳಿಸಿದೆ.

ಹಾಸಿದೆ. ನಾನೇ ಹಾಸಿದೆ. ನೆರೆಮನೆಯ ಪೂವಯ್ಯ ಗರಗಸದ ಇನ್ನೊಂದು ತುದಿ ಹಿಡಿದ, ಅಷ್ಟೇ. ಮೊದಲು ತೊಲೆಗಳನ್ನೆಲ್ಲ ಗುದ್ದಿ ನೋಡಿದೆ. ಒಂದು ಮಾತ್ರ ಒಣಗಿದ ಸೋರೆಬುರುಡೆಯ ಹಾಗೆ ಟೊಳ್ಳು ಸದ್ದು ಮಾಡಿತು, ಗೆದ್ದಲು. ಅದರ ಪಕ್ಕಕ್ಕೆ ಹೊಸ ತೊಲೆ ಜೋಡಿಸಿದೆ. ಸಡಿಲ ಹಲಗೆಯೊಂದನ್ನು ಎಬ್ಬಿಸಿದಾಗ ಇಲಿಗೂಡಿನಲ್ಲಿ ನಿನ್ನ ಕೆಂಪು ರಿಬ್ಬನ್ ಸಿಕ್ಕಿತು. ಚಿಕ್ಕಪ್ಪನೇ ಕದ್ದ ಎಂದು ಊರಿಗೆಲ್ಲ ಸಾರಿದ್ದೆಯಲ್ಲ, ಈಗ ಇಲಿಯನ್ನು ಕೇಳು. ಹಳೆಯ ಹಲಗೆಗಳ ಮೇಲೆ ಅಡ್ಡಡ್ಡಲಾಗಿ ಹಲಸಿನ ಹಲಗೆ ಕೂರಿಸಿದೆ, ಒಂದರ ಅಂಚು ಇನ್ನೊಂದರ ಕೊರಕಲಿಗೆ ಸೇರುವ ಹಾಗೆ. ಮೊಳೆ ಓರೆಯಾಗಿ ಹೊಡೆದದ್ದು, ತಲೆ ಎಲ್ಲೂ ಕಾಣದು. ಹಳೆಯ ಹಲಗೆ ಹಾಸಿದ್ದ ಆಚಾರಿ ಗೋಡೆಯ ಸುತ್ತ ಬೆರಳಗಲ ಜಾಗ ಯಾಕೆ ಖಾಲಿ ಬಿಟ್ಟಿದ್ದ ಎಂಬುದೊಂದು ಅರ್ಥವಾಗಲಿಲ್ಲ. ಸೋಮಾರಿ ಇರಬೇಕು ಎಂದುಕೊಂಡು ನಾನು ಗೋಡೆಯಿಂದ ಗೋಡೆಗೆ ಬಿಗಿದುಬಿಟ್ಟೆ, ಇರುವೆಗೂ ದಾರಿಯಿಲ್ಲ.

ಈಗ ನೀನೇ ಹೇಳು, ಹೈಸ್ಕೂಲು ಓದಿದವಳು. ಆ ಮರ ಕಡಿದು ಎರಡು ವರ್ಷವಾಗಿದೆ. ಮೇಲೆ ಹಂಚು ಇದೆ, ಒಂದು ಹನಿ ಸೋರಿಲ್ಲ. ಹೊರಗೆ ಮಳೆ ಹಿಡಿಯಿತೆಂದು ಅದಕ್ಕೆ ಯಾರು ಹೇಳಿದರು? ಸತ್ತ ಮೇಲೂ ಬಾಯಾರಿಕೆ ಇರುತ್ತದೆಯೇ? ಗಾಳಿಯಲ್ಲಿರುವ ತೇವವನ್ನೇ ಕುಡಿದು ಹಲಗೆಗಳೆಲ್ಲ ಉಬ್ಬಿದವು. ಪಕ್ಕಕ್ಕೆ ಸರಿಯಲು ಜಾಗವಿಲ್ಲದೆ ಮೇಲಕ್ಕೆ ಎದ್ದವು. ನಿನ್ನೆ ನೋಡಲೆಂದು ಅಟ್ಟ ಹತ್ತಿದೆ. ಗಾಳಿಗೆ ಬಡಿಯುತ್ತಿದ್ದ ಬಾಗಿಲನ್ನು ಒಳಗಿನಿಂದ ಹೆಗಲು ಕೊಟ್ಟು ಒತ್ತಿದೆ. ಮುಚ್ಚಿಕೊಂಡದ್ದು ಉಬ್ಬಿದ ಹಲಗೆಗೆ ಕಚ್ಚಿಕೊಂಡು, ಎಷ್ಟೆಳೆದರೂ ಬರಲೊಲ್ಲದು.

ಸರಿಯಾಗಿ ಆಗಲೇ ಅಂಗಳದಲ್ಲಿ ಜೀಪಿನ ಸದ್ದು. ಮಡಿಕೇರಿಯಲ್ಲಿರುವ ತಮ್ಮ ತಂಗಿಯ ಮನೆಗೆ ಬಂದಿದ್ದ ನಿನ್ನ ಅತ್ತೆ ಹೇಳದೆ ಕೇಳದೆ ನೆಲ ನೋಡಲು ಬಂದಿದ್ದರು. ನಾನು ‘ಅವ್ವಾ, ಬಾಗಿಲು’ ಎಂದು ಕೂಗಿ ನೆಲ ಒದ್ದೆ, ಜಿಗಿದೆ, ಒನಕೆಯಿಂದ ಕುಟ್ಟಿದೆ. ಕೆಲಸ ಮುಗಿದಂದಿನಿಂದ ಬಂದವರನ್ನೆಲ್ಲ ಕೆಳಗೆ ಕೂರಿಸಿ, ಬಿಳಿ ವಸ್ತ್ರ ಹಾಸಿ, ಮೇಲೆ ಕುಣಿದು ಧೂಳು ಬೀಳದ್ದನ್ನು ತೋರಿಸುವುದು ನನ್ನ ಪದ್ಧತಿಯಾಗಿತ್ತು ನೋಡು. ಅಜ್ಜಿ ಅದೇ ವಸ್ತ್ರ ಹಾಸಿ, ‘ನನ್ನ ಮಗ ಹಂಗೆ, ನೆಂಟ್ರು ಬಂದ್ರೆ ಕುಣ್ದ್ ತೋರ್ಸುದು. ಕಾಫಿ ಆರ್ತುಟ್ಟು, ಕುಡೀರಿ’ ಎಂದಳಂತೆ. ಗಂಗಮ್ಮನವರು ಸೂರು ನೋಡಿದರಂತೆ, ವಸ್ತ್ರ ನೋಡಿದರಂತೆ, ಲೋಟವನ್ನೂ ಬಗ್ಗಿ ನೋಡಿದರಂತೆ. ಒಂದು ಕಣವಿಲ್ಲ. ಆಗಲಿ, ಬಾಣಂತನ ಇಲ್ಲೇ ಆಗಲಿ ಎಂದರಂತೆ. ಅವರು ಕೊಡೆ ಬಿಡಿಸಿ ಜೀಪು ಹತ್ತುವುದು ಕಿಟಕಿಯಿಂದ ಕಂಡು ನಾನು ಎರಡೂ ಕೈ ಬೀಸಿ ಅರಚಿದೆ. ಆ ಮಳೆಯ ಸದ್ದಿಗೆ ಏನು ಕೇಳಿಸೀತು? ಅವರೂ ನಗುತ್ತ ಕೈ ಬೀಸಿದರು. ಸಂಜೆ ಪೂವಯ್ಯ ಬಂದು ಹೊರಗಿನಿಂದ ಭುಜ ಕೊಟ್ಟು ನೂಕಿದ ಮೇಲೆಯೇ ನನಗೆ ಊಟ.

ಕಾವೇರಮ್ಮ ನಿನ್ನನ್ನೂ ಹೊಟ್ಟೆಯ ಕೂಸನ್ನೂ ತಂಪಾಗಿಟ್ಟಿರಲಿ. ಅಳಿಯಂದಿರಿಗೆ ನಮ್ಮೆಲ್ಲರ ನೆನಪು ಹೇಳು.

ನಿನ್ನ ಚಿಕ್ಕಪ್ಪ,
ಸಾಂತಪ್ಪ

ಮರೆತದ್ದೊಂದು, ಅಂಚೆಯವನನ್ನು ಬಾಗಿಲಲ್ಲಿ ನಿಲ್ಲಿಸಿ ಬರೆಯುತ್ತಿದ್ದೇನೆ. ನನ್ನ ಕೂಗು ಅಜ್ಜಿಗೆ ಕೇಳಿಸದಷ್ಟು ಬಿಗಿಯಾದ ನೆಲ ಎಂದು ಇವತ್ತೂ ಕೊಚ್ಚಿಕೊಳ್ಳುತ್ತಿದ್ದೆ. ಗೋಡೆಯಂಚಿಗೆ ಬೆರಳಗಲ ಜಾಗ ಬಿಡಲು ಹಲಗೆ ಕೊಯ್ಯುತ್ತಿದ್ದಾಗ ಅವಳು ಕೆಳಗಿನಿಂದಲೇ ಹೇಳಿದಳು: ‘ನಂಗೆ ಎಲ್ಲಾ ಕೇಳ್ತಿತ್ತ್. ಬಾಗ್ಲ್ ತೆಗ್ಸಿದ್ರೆ ಅವ್ರೂ ಹಿಂದೆನೇ ಹತ್ತಿ ನಿನ್ನ ನೆಲದ ಗೂನು ನೋಡ್ತಿದ್ರ್. ನಮ್ಮ ಗೂಡೆ ಮನೆಗೆ ಬರುದು ದೊಡ್ಡದಾ, ನೀ ಒಂದ್ ಹೊತ್ತು ಅಟ್ಟಲಿ ಇರುದು ದೊಡ್ಡದಾ?’ ನಿನ್ನ ಅತ್ತೆ ಈ ವಾರದ ಕೊನೆಗೆ ಬಾಳೆಲೆಗೆ ವಾಪಸು. ಅದರೊಳಗೆ ಈ ಕಾಗದವನ್ನು ಒಲೆಗೆ ಹಾಕು. ಪಯಣಕ್ಕೆ ಆಗದ ಆಟಿ ತಿಂಗಳು ಹುಟ್ಟುವ ಮೊದಲೇ ಹೊರಟು ಬಾ. ಅಜ್ಜಿ ಆ ಬಿಳಿ ವಸ್ತ್ರವನ್ನು ಪೆಟ್ಟಿಗೆಯಲ್ಲಿಟ್ಟಿಲ್ಲ, ತೊಟ್ಟಿಲ ಅಳತೆಗೆ ಕತ್ತರಿಸಿ ಹೊಲಿಯುತ್ತ ಕೂತಿದ್ದಾಳೆ.