ಕುರ್ಚಿಯ ಹಿಂದಿನ ಖಾಲಿ ಜಾಗ

ಬಾಹ್ಯಾಕಾಶ ದೂರದರ್ಶಕ ಕೇಂದ್ರದ ಮಾನ್ಯ ನಿರ್ದೇಶಕರೇ,

ನಿಮ್ಮಲ್ಲಿ ಆಪರೇಟರನಾಗಿರುವ ನನ್ನ ಅಣ್ಣನಿಗೆ ಫೋನಿನಲ್ಲಿ ಕೊಟ್ಟ ಆದೇಶವನ್ನು ಅವನ ಬೆನ್ನ ಹಿಂದೆ ಬಂದು ನಿಂತು ಕೊಡಿ, ಇಲ್ಲವೇ ಹಿಂತೆಗೆದುಕೊಳ್ಳಿ. ನಾಲ್ಕು ಜನರ ಎದುರು ಬಾಯಿ ಬಿಡಲು ಅಂಜುವವಳು ನಾನು. ಅಂಥವಳು ಪತ್ರಿಕೆಗೆ ಬರೆಯುತ್ತಿದ್ದೇನೆಂದರೆ, ಅದಕ್ಕಿಂತ ದೊಡ್ಡ ಹೆದರಿಕೆ ಮನೆಯಲ್ಲಿ ಕೂತಿದೆ ಎಂದು ತಿಳಿಯಿರಿ.

ದೂರದಲ್ಲೆಲ್ಲೋ ಒಂದು ನಕ್ಷತ್ರ ಸಿಡಿದಿದೆ. ಸಿಡಿದ ಮೊದಲ ದಿನಗಳ ಬೆಳಕು ಅಮೂಲ್ಯ, ಒಪ್ಪುತ್ತೇನೆ. ಸಾಹಿತ್ಯ ಓದಿದವಳಿಗೂ ಅಷ್ಟು ಅರ್ಥವಾಗುತ್ತದೆ. ಆದರೆ ಇಲ್ಲಿಂದ ನೋಡಿದರೆ ಅದೀಗ ಸೂರ್ಯನ ಪಕ್ಕದಲ್ಲೇ ಇದೆ. ಅತ್ತ ತಿರುಗುವಾಗ ಕೂದಲೆಳೆಯಷ್ಟು ತಪ್ಪಿದರೂ ಬಿಸಿಲು ನುಗ್ಗಿ ದೂರದರ್ಶಕ ಶಾಶ್ವತವಾಗಿ ಕುರುಡಾಗುತ್ತದೆ. ಹಾಗಾಗದಂತೆ ತಡೆಯುವ ಕಾವಲನ್ನೇ ಕಳಚಿ ತಿರುಗಿಸು ಎಂದಿದ್ದೀರಿ. ಕೆಲವು ವಾರ ಕಾದರೆ ಸೂರ್ಯ ತಾನಾಗಿ ಸರಿಯುತ್ತಾನೆ. ಆಗ ಎಲ್ಲರೂ ನೋಡುತ್ತಾರೆ. ‘ಮೊದಲು’ ಎಂಬ ಪದ ಮಾತ್ರ ನಿಮಗೆ ಸಿಗುವುದಿಲ್ಲ. ಒಂದು ಪದಕ್ಕೆ ಒಂದು ಕಣ್ಣೇ?

ನಿಮ್ಮ ಕಂಟ್ರೋಲ್ ರೂಮಿನಲ್ಲಿ ಒಳ್ಳೆಯ ಪದ್ಧತಿಯೊಂದಿದೆ. ಅಪಾಯದ ಆಜ್ಞೆ ಕೊಟ್ಟವರು ಆಪರೇಟರನ ಕುರ್ಚಿಯ ಹಿಂದೆ ನಿಂತು "ಕಳಿಸು" ಎನ್ನಬೇಕು. ಹೆಚ್ಚುಕಮ್ಮಿಯಾದರೆ ಹೊಣೆ ನಿಂತವರದು. ತಾವು ಮಾತ್ರ "ಮೀಟಿಂಗಲ್ಲಿರ್ತೀನಿ, ನೀನೇ ಮಾಡಪ್ಪ" ಎಂದಿರಿ. ಎಂಥ ವಾತ್ಸಲ್ಯ! ಚಿತ್ರ ಬಂದರೆ ತಮ್ಮದು, ಕಣ್ಣು ಹೋದರೆ ‘ಅಪ್ಪ’ನದು.

ನಿನ್ನೆ ಊಟಕ್ಕೆ ಕೂತ ಅಣ್ಣ ತಟ್ಟೆ ಮುಟ್ಟದೆ ಇದನ್ನೆಲ್ಲ ಹೇಳಿದ.

"ಅಷ್ಟು ದೊಡ್ಡ ಕಣ್ಣು ಮಾಡಿದೋರು ಒಂದು ರೆಪ್ಪೆ ಇಟ್ಟಿಲ್ವೇನೋ?" ಎಂದಳು ಅಮ್ಮ.

"ಇಟ್ಟಿದ್ದಾರಮ್ಮಾ. ಅದನ್ನ ಕಿತ್ತುಹಾಕು ಅಂತಿದ್ದಾರೆ."

"ಆಗಲ್ಲ ಅಂದುಬಿಡು. ನನ್ನ ಹತ್ರ ದಿನಾ ಅಂತೀಯಲ್ಲ, ಹಾಗೆ!"

ನಾನು ನಕ್ಕೆ. ಅವನು ನಗಲಿಲ್ಲ. ಅಮ್ಮ ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದ: "ಆ ಹೊತ್ತಿಗೆ ಹಿಂದೆ ತಿರುಗಿ ನೋಡ್ತೀನಿ ಕಣೇ. ಯಾರೂ ಇಲ್ಲದಿದ್ರೆ ಕಳಿಸಬಾರದು ಅಂತ ಗೊತ್ತು. ಆದ್ರೂ ನನ್ನ ಕೈ ಕಳಿಸಿಬಿಡುತ್ತೆ. ಆಫೀಸಲ್ಲಿ ದೊಡ್ಡವರ ಮಾತಿಗೆ ಇಲ್ಲ ಅಂದು ಅಭ್ಯಾಸವೇ ಇಲ್ಲ."

ನನಗೆ ಭಯ ಆ ಕೈಯದು. ಇವತ್ತು ಬೆಳಿಗ್ಗೆ ಅದಕ್ಕೆ ಅಂಗಿಯ ಗುಂಡಿ ಹಾಕಲೂ ಆಗಲಿಲ್ಲ, ನಾನೇ ಹಾಕಿದೆ.

ಶುಕ್ರವಾರ ಮಧ್ಯಾಹ್ನ ಆಜ್ಞೆ ಹೋಗಬೇಕು. ಅದಕ್ಕೆ ಮುಂಚೆ ಬನ್ನಿ, ಆ ಕುರ್ಚಿಯ ಹಿಂದೆ ನಿಲ್ಲಿ. ನಿಂತ ಮೇಲೂ "ಕಳಿಸು" ಎನ್ನುವ ಧೈರ್ಯ ತಮಗಿದ್ದರೆ ನಾನು ತುಟಿ ಬಿಚ್ಚುವುದಿಲ್ಲ. ಇಲ್ಲವಾದರೆ, ಆ ಧೈರ್ಯವಿಲ್ಲದ ಅಣ್ಣನಿಂದ ಅದನ್ನು ಮಾಡಿಸಬೇಡಿ.

ಇಂತಿ,
ತಮ್ಮ ಗೇಟು ದಾಟಲು ಪಾಸಿಲ್ಲದ, ಇದ್ದಿದ್ದರೆ ನಡುಗುತ್ತಲೇ ಆ ಜಾಗದಲ್ಲಿ ನಿಲ್ಲುತ್ತಿದ್ದ,
ಆಪರೇಟರನ ತಂಗಿ