ನಾಲ್ಕನೇ ಹಾಡಿನಲ್ಲಿ ಅವ್ವನ ಅಳು

ಹಿರೇಹಡಗಲಿ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಮಗ ಕ್ರಾಂತಿಗೆ,

ಹೇಗಿದ್ದೀಯಪ್ಪಾ? ಊರೂರು ತಿರುಗಿ ಹಾಡುತ್ತೀಯ, ಗಂಟಲಿಗೆ ಬಿಸಿನೀರಾದರೂ ಕುಡಿಯುತ್ತೀಯೋ ಇಲ್ಲವೋ. ನನಗೆ ಏನೂ ಆಗಿಲ್ಲ. ಅಂಗನವಾಡಿಗೆ ಹೋಗುತ್ತೇನೆ, ಬರುತ್ತೇನೆ, ಉಣ್ಣುತ್ತೇನೆ. ರುಚಿ ಗೊತ್ತಾಗುವುದಿಲ್ಲ, ಅಷ್ಟೇ.

ನಿನ್ನ ರ‍್ಯಾಪ್ ಆಲ್ಬಮ್ ಬಂದು ವರ್ಷವಾದರೂ ಹಡಗಲಿ ಬಸ್ಸಿನಲ್ಲಿ ಅದೇ, ಕೊಟ್ಟೂರಿನ ಆಟೋಗಳಲ್ಲೂ ಅದೇ. ನೀನೂ ನಿನ್ನ ಗೆಳೆಯ ಹುಲುಗೇಶನೂ ದನಿ ಮಾರ್ದನಿಸಬಾರದೆಂದು ಈರುಳ್ಳಿ ಗೋದಾಮಿನ ಗೋಡೆಗೆಲ್ಲ ನನ್ನ ಕೌದಿ ತೂಗುಹಾಕಿ ಹಾಡು ಕಟ್ಟುತ್ತಿದ್ದಾಗ ನಾನು ನಗುತ್ತಿದ್ದೆ: ‘ರೈಲು ತಪ್ಪತೈತೇನಲೇ, ಯಾಕಿಷ್ಟು ಅವಸರದಾಗ ಮಾತಾಡ್ತಿ?’ ಈಗ ಕಾಲೇಜು ಹುಡುಗರು ನಮ್ಮ ‘ಐತಿ’, ‘ಹೋಗ್ಯಾನ’ಗಳಿಗೇ ಪ್ರಾಸ ಕೂಡಿಸಿ ಮೈಕಿನ ಮುಂದೆ ಎದೆಯುಬ್ಬಿಸಿ ನಿಲ್ಲುತ್ತಾರೆ. ಮುಚ್ಚಿಡುತ್ತಿದ್ದ ಕೇರಿಯ ಹೆಸರನ್ನು ಬಾಯಿಬಿಟ್ಟು ಹೇಳುತ್ತಾರೆ. ಹೆಮ್ಮೆ ನನಗೂ ಇದೆ, ಸುಳ್ಳು ಹೇಳುವುದಿಲ್ಲ.

ಆದರೆ ಆ ನಾಲ್ಕನೇ ಹಾಡು. ನಿಮ್ಮಪ್ಪನ ಹೆಣದ ಮುಂದೆ ನಾನು ಹಾಡಿಕೊಂಡು ಅತ್ತದ್ದನ್ನು ನೀನು ಫೋನಿನಲ್ಲಿ ಹಿಡಿದದ್ದು ನನಗೆ ಗೊತ್ತೇ ಇರಲಿಲ್ಲ. ‘ಬಿಸಿ ರೊಟ್ಟಿ ಬಡದೀನಿ, ಉಂಡು ಹೋಗೋ ನನ ದೊರಿಯೇ.’ ಅದಕ್ಕೆ ತಾಳ ಹಾಕಿದ್ದೀಯ. ಹುಡುಗರು ಆ ಸಾಲು ಬಂದ ಕೂಡಲೇ ಕುಣಿಯುತ್ತಾರೆ. ಅವರದೇನು ತಪ್ಪು?

ಹೋದ ತಿಂಗಳು ನಮ್ಮ ಓಣಿಯ ಓಬಳೇಶಪ್ಪ ತೀರಿಕೊಂಡ. ಸತ್ತವರ ಗುಣ ಹಾಡಿ ಅತ್ತರೇ ಅವರನ್ನು ಕಳಿಸಿಕೊಟ್ಟ ಹಾಗೆ. ನಮ್ಮಲ್ಲಿ ಅದನ್ನು ಶುರು ಮಾಡುವವಳು ನಾನೇ. ಕೂತೆ. ಹೆಂಗಸರು ಕಾದರು. ಬಾಯಿ ತೆರೆದರೆ ಬಂದದ್ದು ನಿನ್ನ ಹಾಡಿನ ಸಾಲೇ. ಯಾವುದೋ ಹುಡುಗಿ ಫೋನ್ ಎತ್ತಿ ಹಿಡಿದಳು. ಇನ್ನೊಬ್ಬಳು ಮೆಲ್ಲಗೆ, ‘ಅದೇ ಹಾಡು ಐತಿ ನೋಡ್ರಿ’ ಅಂದಳು. ಎದ್ದು ಬಂದುಬಿಟ್ಟೆ. ಅವನ ಹೆಂಡತಿ ಬೊಮ್ಮಮ್ಮ ಈಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವತ್ತಿನಿಂದ ನನಗೆ ಅಳು ಬರುತ್ತಿಲ್ಲ. ಸಿಟ್ಟೂ ಬರುತ್ತಿಲ್ಲ.

ಹುಲುಗೇಶನನ್ನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ದನಿಗೆ ಯಾರ ಕಣ್ಣೂ ತಾಗದಿರಲಿ.

ನಿನ್ನವ್ವ,
ಮಾರೆಮ್ಮ

ತಾ.ಕ.: ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಹೇಳಿಬಿಡುತ್ತೇನೆ. ನಿಮ್ಮಜ್ಜಿ, ನನ್ನ ಹಡೆದವ್ವ, ಸೋಮವಾರ ಹೋದಳು. ಮಣ್ಣಾಯಿತು. ನಿನಗೆ ತಿಳಿಸಬೇಡಿ ಅಂತ ಎಲ್ಲರ ಕೈಕಾಲು ಹಿಡಿದವಳು ನಾನೇ. ನಾನು ಅಳುವಾಗ ನಿನ್ನ ಕೈ ಜೇಬಿಗೆ ಹೋದೀತೆಂದು ಹೆದರಿದೆ. ನೀನಿಲ್ಲದಿದ್ದರೂ ಅಳು ಬರಲಿಲ್ಲ ಮಗಾ, ಅವಳನ್ನು ಹಾಗೇ ಕಳಿಸಿದೆ. ಬರುವ ಗುರುವಾರ ಹನ್ನೊಂದನೇ ದಿನ. ಫೋನು ಹುಲುಗೇಶನ ಕೈಗೆ ಕೊಟ್ಟು ಬಾ.