ಕಿವಿ ಬಿಚ್ಚು

ಅಣ್ಣ,

ಕ್ಷೇಮವೇ ಎಂದು ಕೇಳುವುದಿಲ್ಲ. ಆ ಉಪಚಾರಕ್ಕೆಲ್ಲ ಈಗ ನನಗೆ ತಾಳ್ಮೆಯಿಲ್ಲ. ನಿನ್ನ ಮೇಲೂ ಸಿಟ್ಟಿದೆ, ಅದು ಆಮೇಲೆ. ಮೊದಲು ಶಿವು ಮಾವನ ವಿಷಯ. ಅಮ್ಮನ ತಮ್ಮ, ನಮಗಿಂತ ದೊಡ್ಡವನು, ಎಲ್ಲ ಸರಿ. ಆದರೆ ಈ ಪತ್ರದಲ್ಲಿ ಅವನಿಗೆ ಬಹುವಚನ ಸಿಗುವುದಿಲ್ಲ.

ನಿನ್ನನ್ನು ಮನೆಗೆ ತಂದ ದಿನ ಅವನು ನಮ್ಮ ಬಸವೇಶ್ವರನಗರದ ಮನೆಯ ಗೇಟಿನಲ್ಲಿ ನಿಂತು, ಬಂದವರಿಗೆಲ್ಲ ಒಂದೇ ಕಥೆ ಒಪ್ಪಿಸುತ್ತಿದ್ದ. "ಕಿವಿಗೆ ಅದನ್ನ ಸಿಗಾಕ್ಕೊಂಡು ರೋಡ್ ದಾಟಿದಾನೆ. ಹಾರನ್ ಎಲ್ಲಿ ಕೇಳ್ಸುತ್ತೆ ಹೇಳಿ. ಈ ಸಾಫ್ಟ್‌ವೇರ್ ಹುಡುಗ್ರ ಹಣೆಬರಹವೇ ಇಷ್ಟು." ಮಾಗಡಿ ರಸ್ತೆಯಲ್ಲಿ ರಾಂಗ್ ಸೈಡಿನಿಂದ ನುಗ್ಗಿಬಂದ ಟೆಂಪೊ ಆ ಕಥೆಯಲ್ಲಿ ಎಲ್ಲೂ ಇರಲಿಲ್ಲ. ನಿನ್ನ ಪ್ಯಾಂಟಿನ ಜೇಬಿನಲ್ಲಿ ನುಚ್ಚುನೂರಾದ ಪ್ಲೇಯರ್ ಸಿಕ್ಕಿತ್ತಲ್ಲ, ಅವನಿಗೆ ಅಷ್ಟೇ ಸಾಕಾಯಿತು. ಟೆಂಪೊ ನುಗ್ಗಿದ ಹೊತ್ತಿಗೆ ಅವನು ಹೆಗ್ಗನಹಳ್ಳಿಯ ತನ್ನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ. ನೋಡಿದವನ ಹಾಗೆ ಹೇಳುವುದಕ್ಕೆ ನಾಲಿಗೆಯಾದರೂ ಹೇಗೆ ಬಂತು?

ನಿನ್ನ ಹೆಡ್‌ಫೋನು ಬ್ಯಾಗಿನಲ್ಲಿತ್ತು. ಆಸ್ಪತ್ರೆಯವರು ಆ ಬ್ಯಾಗನ್ನು ನನ್ನ ಕೈಗೇ ಕೊಟ್ಟಿದ್ದರು. ವೈರು ಸುರುಳಿ ಸುತ್ತಿ, ಕರವಸ್ತ್ರದಲ್ಲಿ ನೀನೇ ಗಂಟು ಕಟ್ಟಿಟ್ಟಿದ್ದೆ, ಯಾವಾಗಲೂ ಇಡುತ್ತಿದ್ದ ಹಾಗೇ. ಗೇಟು ದಾಟುವ ಮುಂಚೆ ಅದನ್ನು ಕಳಚುತ್ತಿದ್ದವನು ನೀನು. ಒಂದು ಸಲ ಯಾಕೆ ಎಂದು ಕೇಳಿದ್ದಕ್ಕೆ, "ರೋಡಲ್ಲಿ ರೋಡನ್ನೇ ಕೇಳ್ಬೇಕು ಕಣೇ, ಅಂಥ ಗಲಾಟೆ ಇನ್ನೆಲ್ಲಿ ಸಿಗತ್ತೆ" ಅಂದಿದ್ದೆ. ಇದನ್ನು ನಾನು ಮಾವನಿಗೆ ಹೇಳಿದೆ, ದೊಡ್ಡಮ್ಮನಿಗೆ ಹೇಳಿದೆ, ಪಕ್ಕದ ಮನೆ ಆಂಟಿಗೆ ಹೇಳಿದೆ. ಎಲ್ಲರೂ "ಹೋಗ್ಲಿ ಬಿಡಮ್ಮ" ಅಂದರು. ಏನು ಹೋಗಲಿ? ಯಾರದು ಹೋಗಲಿ?

ಬೇರೆಯವರು ಹಾಳಾಗಿ ಹೋಗಲಿ, ಅಮ್ಮ ನಂಬಿಬಿಟ್ಟಳು. ನನಗೆ ತಡೆಯಲಾಗದೆ ಇದ್ದದ್ದು ಅದು. ಹೆಡ್‌ಫೋನಿನ ಸ್ಪಂಜು ಹರಿದಾಗ ತನ್ನ ಹಸಿರು ರವಿಕೆ ಬಟ್ಟೆಯಲ್ಲಿ ಅದಕ್ಕೆ ಟೋಪಿ ಹೊಲಿದುಕೊಟ್ಟವಳು ಅವಳು. ಅದೂ ಕೈಯಲ್ಲಿ, ಯಾಕೆಂದರೆ ಅವಳ ಹೊಲಿಗೆ ಮೆಷಿನ್ನು ನಿನ್ನ ಕಂಪ್ಯೂಟರಿನ ಅಡಿಗೆ ಸಿಕ್ಕಿಕೊಂಡಿತ್ತು. ಊಟಕ್ಕೆ ಕರೆದಾಗಲೆಲ್ಲ "ಕಿವಿ ಬಿಚ್ಚೋ" ಎಂದು ಕೂಗುತ್ತಿದ್ದಳಲ್ಲ, ಹೆಡ್‌ಫೋನು ತೆಗಿ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಅದೇ ಮಾತಾಗಿಬಿಟ್ಟಿತ್ತು. ಈಗ ಒಬ್ಬಳೇ ಕೂತು, "ನಾನೇ ಮೆತ್ತಗೆ ಹೊಲಿದುಕೊಟ್ಟೆ, ಅದಕ್ಕೇ ಅವನಿಗೆ ಏನೂ ಕೇಳ್ಸಲಿಲ್ಲ" ಎಂದು ಗೊಣಗತೊಡಗಿದಳು. ಬ್ಯಾಗು ಬಿಚ್ಚಿ ತೋರಿಸಲು ಹೋದರೆ ಮುಖ ತಿರುಗಿಸಿದಳು. ಮಾವನ ಬಾಯಿಂದ ಬಂದ ಒಂದು ಮಾತು ಏನು ಮಾಡಿತು ನೋಡು.

ಆ ಮೆಷಿನ್ ಟೇಬಲ್ಲಿನಲ್ಲಿ ನೀನು ಕೂರುತ್ತಿದ್ದ ಚಂದ ಕಣ್ಣಿಗೆ ಕಟ್ಟಿದ ಹಾಗಿದೆ. ಹಳೇ ಪಂಚಾಂಗಗಳ ಮೇಲೆ ಆ ದಪ್ಪ ಮಾನಿಟರು, ತೊಡೆಯ ಮೇಲೆ ಕೀಬೋರ್ಡು, ಪಕ್ಕದಲ್ಲಿ ಆರಿದ ಕಾಫಿ. ಯೋಚನೆಗೆ ಬಿದ್ದರೆ ಕೆಳಗೆ ಪೆಡಲು ತುಳಿಯುತ್ತಲೇ ಇರುತ್ತಿದ್ದೆ. ಪೆಡಲ್ ಸದ್ದು ನಿಂತಿತು ಅಂದರೆ ಕೋಡಿನ ತಪ್ಪು ಸಿಕ್ಕಿತು ಎಂದು ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಗೊತ್ತಾಗುತ್ತಿತ್ತು, ದೋಸೆ ಹುಯ್ಯುತ್ತಿದ್ದಳು.

ಭಾನುವಾರ ಬೆಳಿಗ್ಗೆ ನೀನು ಅಡುಗೆಮನೆ ಕಿಟಕಿಯ ಸರಳಿಗೆ ಮೈಕು ನೇತುಹಾಕುತ್ತಿದ್ದದ್ದು ನೆನಪಾದರೆ ಈಗಲೂ ನಗು ಬರುತ್ತದೆ. ಒಗ್ಗರಣೆ, ಕುಕ್ಕರಿನ ಕೂಗು, ಸೊಪ್ಪಿನವಳ ಜೊತೆ ಅಮ್ಮನ ಚೌಕಾಸಿ, ನಮ್ಮಿಬ್ಬರ ಜಗಳ, ಎಲ್ಲ ಪ್ಲೇಯರಿಗೆ ತುಂಬಿಕೊಂಡು ನೀನು ಆಫೀಸಿನಲ್ಲಿ ವಾರವಿಡೀ ಕೇಳುತ್ತಿದ್ದೆ. "ಹಾಡು ಹಾಕಿದ್ರೆ ಅದ್ರ ಹಿಂದೆ ಹೋಗ್ಬಿಡ್ತೀನಿ, ಕೋಡ್ ಅಲ್ಲೇ ಕೂತಿರತ್ತೆ. ಅಮ್ಮನ ಒಗ್ಗರಣೆ ಆದ್ರೆ ತಲೆ ತನ್ನ ಪಾಡಿಗೆ ಕೆಲ್ಸ ಮಾಡತ್ತೆ" ಅಂದಿದ್ದೆ. ಅಕ್ಕಪಕ್ಕದ ಮೇಜಿನವರು ನೀನು ಯಾವುದೋ ಇಂಗ್ಲಿಷ್ ಹಾಡು ಕೇಳುತ್ತಿದ್ದೀಯ ಅಂದುಕೊಂಡಿದ್ದರಂತೆ, ಪಾಪ.

ಅದೆಲ್ಲ ಈಗ ಇಲ್ಲ ಅಣ್ಣ. ಸೂತಕ ಕಳೆಯುವ ದಿನ ಮನೆ ತೊಳೆದು, ಗಂಜಲ ಚಿಮುಕಿಸಿ, ನಿನ್ನ ಬಟ್ಟೆಬರೆ ಕೊಟ್ಟುಬಿಟ್ಟ ಮೇಲೆ ಮಾವ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ, ಸಂಜೆ ವಾಪಸ್ ತಂದಿಟ್ಟ. "ಪಾಸ್‌ವರ್ಡ್ ಕೇಳ್ತಾ ಇತ್ತು. ಮನೆಯೆಲ್ಲ ತೊಳೆದಾಯ್ತು, ಅದೊಂದ್ಯಾಕೆ ಮೈಲಿಗೆ ಅಂತ ಒಳಗಿದ್ದದ್ದೆಲ್ಲ ಅಳ್ಸಿ ಫಾರ್ಮ್ಯಾಟ್ ಮಾಡ್ಸ್‌ಬಿಟ್ಟೆ. ಈಗ ಹೊಸದ್ರ ಥರ ಓಡತ್ತೆ, ವೈರಸ್ಸೂ ಹೋಯ್ತಂತೆ." ಹೇಳುವಾಗ ಮುಖದಲ್ಲಿ ಎಂಥ ಹೆಮ್ಮೆ ಗೊತ್ತಾ? ಪುಣ್ಯದ ಕೆಲಸ ಮಾಡಿ ಬಂದವನ ಹಾಗೆ ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತ. ನನಗೆ ಅವನ ಎಲೆ ಎತ್ತಿ ಬೀದಿಗೆ ಎಸೆಯಬೇಕು ಅನ್ನಿಸಿತು.

ಈಗ ನಿನ್ನ ಸರದಿ. ನೆಂಟರಿಷ್ಟರಿಗೆಲ್ಲ ಬ್ಯಾಕಪ್ ತಗೊಳ್ಳಿ, ಬ್ಯಾಕಪ್ ತಗೊಳ್ಳಿ ಎಂದು ಬುದ್ಧಿ ಹೇಳುತ್ತಿದ್ದವನು, ಒಂದು ಸೀಡಿಗಾದರೂ ಹಾಕಿಡಬಾರದಿತ್ತಾ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಆ ಪಾಸ್‌ವರ್ಡನ್ನು ನನಗೆ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಅದರಲ್ಲಿ ನಿನ್ನ ದನಿಯೂ ಇತ್ತು ಕಣೋ. "ಅಮ್ಮ, ಮೈಕ್ ಹತ್ರ ಮಿಕ್ಸಿ ಹಾಕ್ಬೇಡ" ಎಂದು ಗದರುತ್ತಿದ್ದ ದನಿ. ಅಷ್ಟು ಸಿಕ್ಕಿದ್ದರೂ ನಾನು...

ಮೊನ್ನೆ ನಿನ್ನ ವರ್ಷದ ತಿಥಿ. ಬೆಳಿಗ್ಗೆ ಏನು ಹೊಳೆಯಿತೋ, ನಿನ್ನ ಮೈಕನ್ನು ಅದೇ ಕಿಟಕಿಗೆ ನೇತುಹಾಕಿ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಹಚ್ಚಿದೆ. ಹೆಡ್‌ಫೋನು ಸುತ್ತಿದ ಕರವಸ್ತ್ರವನ್ನು, ಗಂಟು ಬಿಚ್ಚದೆ, ಎಡೆಯ ಪಕ್ಕದಲ್ಲಿಟ್ಟೆ. ಆಸ್ಪತ್ರೆಯಿಂದ ಬಂದದ್ದು ಹೀಗೇ ಅಮ್ಮ, ನಾನು ಮುಟ್ಟಿಲ್ಲ ಅಂದೆ. ಈ ಸಲ ಅವಳು ಮುಖ ತಿರುಗಿಸಲಿಲ್ಲ. ತಾನೇ ಬಿಚ್ಚಿದಳು, ವೈರಿನ ಸುರುಳಿಯನ್ನು ಬೆರಳಿನಿಂದ ಸವರಿದಳು, ಆ ಹಸಿರು ಬಟ್ಟೆಯನ್ನು ನೋಡಿದಳು. ಎದ್ದು ವಡೆ ಕರಿಯಲು ಹೋದಳು.

ಊಟಕ್ಕೆ ಅಡುಗೆಮನೆಯ ಮುಂದೆಯೇ ಎಲೆ ಹಾಕಿತ್ತು. ಮಾವ ಪಾಯಸ ಕಲಸಿಕೊಳ್ಳುತ್ತ ಪಕ್ಕದಲ್ಲಿದ್ದವರಿಗೆ ಮತ್ತೆ ಶುರು ಮಾಡಿದ, "ಕಿವಿಗೆ ಅದನ್ನ ಸಿಗಾಕ್ಕೊಂಡು..."

ಅಮ್ಮ ಸಾರಿನ ಪಾತ್ರೆ ಕೆಳಗಿಟ್ಟಳು. "ಶಿವು, ಕಿವಿ ಬಿಚ್ಚು."

ಅವನು ನಿಜಕ್ಕೂ ಎಡಗೈಯಿಂದ ಕಿವಿ ಮುಟ್ಟಿ ನೋಡಿಕೊಂಡ.

"ನನ್ನ ಮಗ ಕಿವಿ ಬಿಚ್ಕೊಂಡೇ ರಸ್ತೆ ದಾಟಿದ್ದು. ಅಡ್ಡ ಬಂದಿದ್ದು ಟೆಂಪೊ. ಇನ್ನೊಂದ್ಸಲ ಆ ಮಾತು ಆಡೋದಾದ್ರೆ ಈ ಮನೆಗೆ ಬರ್ಬೇಡ. ಸಾರು ಹಾಕ್ಲಾ?"

ಅದೆಲ್ಲ ರೆಕಾರ್ಡ್ ಆಗಿದೆ, ಅಣ್ಣ. ಎಣ್ಣೆಯ ಚುರುಚುರು, ಅಮ್ಮನ ಮಾತು, ಆಮೇಲೆ ಮಾವ ಸಣ್ಣ ದನಿಯಲ್ಲಿ "ಹ್ಞೂಂ, ಹಾಕು" ಅಂದದ್ದೂ. ಎರಡು ಸೀಡಿಗೆ ಹಾಕಿಟ್ಟಿದ್ದೇನೆ. ನಿನ್ನ ಪೆಡಲು ತುಳಿಯುತ್ತ, ಆ ಹಸಿರು ರವಿಕೆಯನ್ನು ಕಿವಿಗಿಟ್ಟುಕೊಂಡು ದಿನಾ ಕೇಳುತ್ತೇನೆ. ನಿನ್ನೆ ಕೇಳುತ್ತ ಕೂತಿದ್ದಾಗ ಬೆನ್ನ ಹಿಂದೆ ಅಮ್ಮ ಬಂದು ನಿಂತದ್ದು ಗೊತ್ತೇ ಆಗಲಿಲ್ಲ. ಭುಜ ತಟ್ಟಿ, "ಎಷ್ಟು ಕರೀಲಿ, ಕಿವಿ ಬಿಚ್ಚೇ" ಅಂದಳು.

ನಿನ್ನ ತಂಗಿ